ಎನ್‌ಜಿಒ ಕೆಲಸ ಬೇಕಾ? ಮೊದಲು ವೋಚರ್ ಬರೆಯಲು ಕಲಿಯಿರಿ

‘ಸಮಾಜಸೇವೆಗೆ ಸಂಬಳ ಕೊಡ್ತಾರಾ?’ ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೊಡುತ್ತಾರೆ. ಸೇವೆ ಮಾಡುವುದು ಬೇರೆ, ಸಂಸ್ಥೆ ನಡೆಸುವುದು ಬೇರೆ. ಎರಡನೆಯದು ಬಲ್ಲವರು ಕಡಿಮೆ. ನಿಮಗೆ ಜಾಗ ಇರುವುದೇ ಅಲ್ಲಿ.

ಮೊದಲು ಹಳ್ಳಿಗೆ ಹೋಗಿ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅನ್ನುವ ಎನ್‌ಜಿಒ 1984ರಲ್ಲಿ ಶುರುವಾಗಿದ್ದು ಮೈಸೂರಿನಲ್ಲಾದರೂ ಬೆಳೆದಿದ್ದು ಎಚ್.ಡಿ. ಕೋಟೆ, ಸರಗೂರು ಕಡೆಯ ಆದಿವಾಸಿ ಹಾಡಿಗಳ ನಡುವೆ. ಇಂಥ ಕಡೆ ಆರು ತಿಂಗಳು ಓಡಾಡಿ. ಸಂಘದ ಸಭೆಗೆ ಹತ್ತು ಗಂಟೆ ಅಂದರೆ ಜನ ಸೇರುವುದು ಹನ್ನೊಂದೂವರೆಗೆ ಅನ್ನುವುದೆಲ್ಲ ಕ್ಲಾಸಿನಲ್ಲಿ ಗೊತ್ತಾಗಲ್ಲ.

ಆಮೇಲೆ ಲೆಕ್ಕ. ಇಲ್ಲೇ ಜಾಸ್ತಿ ಜನ ಎಡವುವುದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. ಆ ದುಡ್ಡು ಸುಮ್ನೆ ಬರುವುದಿಲ್ಲ. ತರಬೇತಿಗೆ ಬಂದ ಹಣವನ್ನು ಜೀಪಿನ ಡೀಸೆಲ್‌ಗೆ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಹಳ್ಳಿಯ ಟೀ ಅಂಗಡಿಯವರು ಬಿಲ್ ಕೊಡುವುದಿಲ್ಲ, ಅಲ್ವಾ? ಅದಕ್ಕೆ ವೋಚರ್, ಅಂದರೆ ಖರ್ಚಿನ ಚೀಟಿ ಬರೆದು ಸಹಿ ಹಾಕಿಸಿಕೊಳ್ಳಿ. ಐದು ಸಾವಿರ ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇರಲೇಬೇಕು. 2020ರ ತಿದ್ದುಪಡಿಯಾದ ಮೇಲೆ ಆ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ್ದು ಶೇ 20 ಮಾತ್ರ. ಮೊದಲು ಶೇ 50 ಇತ್ತು. ಹಾಗಾಗಿ ಆಫೀಸಿನಲ್ಲಿ ಒಬ್ಬರೇ ಮೂವರ ಕೆಲಸ ಮಾಡಬೇಕಾಗುತ್ತದೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಗೊತ್ತಿರುವ ಬಿ.ಕಾಂ ಪದವೀಧರರನ್ನು ಹುಡುಕುವುದೂ ಇದಕ್ಕೇ. ಎಂಎಸ್‌ಡಬ್ಲ್ಯು ಇಲ್ಲ ಅಂತ ಹಿಂಜರಿಯಬೇಡಿ.

ವರದಿ ಬರೆಯುವುದನ್ನೂ ರೂಢಿ ಮಾಡಿಕೊಳ್ಳಿ. ಸಭೆ ನಡೆಯುವುದು ಕನ್ನಡದಲ್ಲಿ, ದೇಣಿಗೆ ಕೊಟ್ಟವರು ಕೇಳುವುದು ಇಂಗ್ಲಿಷಿನಲ್ಲಿ. ಎರಡೂ ಬಲ್ಲವರನ್ನು ಯಾರೂ ಬಿಡುವುದಿಲ್ಲ.

ಸೇರುವ ಮುಂಚೆ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ, 80ಜಿ ಅಂತ ಕರೆಯುತ್ತಿದ್ದದ್ದು) ಇದೆಯಾ, ವಾರ್ಷಿಕ ವರದಿ ಹೊರಗೆ ಸಿಗುತ್ತದಾ ನೋಡಿ. ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದನ್ನೂ ಕೇಳಿ: ‘ಈ ಪ್ರಾಜೆಕ್ಟ್ ಮುಗಿಯುವುದು ಯಾವಾಗ?’ ಎಷ್ಟೋ ಕಡೆ ಕೆಲಸವೂ ಅವತ್ತೇ ಮುಗಿಯುತ್ತದೆ.