ಹಳೆಯ ಉಣ್ಣೆಯ ಕೋಟು, ಪಕ್ಕ ಬೈತಲೆಯ ಕ್ರಾಪು: ನನ್ನ ಅನುಭವ

ಹಿಂದಿನ ಕಾಲದ ಗಂಡಸರ ಉಡುಪನ್ನು ಇಂದು ತೊಡಬಯಸುವವರು ಕೋಟಿನ ಚಿಂತೆಯನ್ನು ದರ್ಜಿಗೂ ಕ್ರಾಪಿನ ಚಿಂತೆಯನ್ನು ಕ್ಷೌರಿಕರಿಗೂ ಹಂಚಿಬಿಡುತ್ತಾರೆ. ನಮ್ಮ ತಾತನವರು 1950ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಹೊಲಿಸಿದ್ದ ಉಣ್ಣೆಯ ಕೋಟನ್ನು ದುರಸ್ತಿ ಮಾಡಿಸಿ ಮೈಸೂರಿನ ಚಳಿಗಾಲದಲ್ಲಿ ತೊಡುತ್ತಿರುವ ನನಗೆ ಇವೆರಡೂ ಒಂದೇ ಕೆಲಸವೆಂದು ಖಚಿತವಾಗಿದೆ. ಕೋಟಿನ ಕಾಲರು ಹೆಕ್ಕತ್ತಿನ ಕೂದಲನ್ನು ಮುಟ್ಟುವ ಎರಡು ಬೆರಳಗಲದ ಜಾಗದಲ್ಲಿಯೇ ಎರಡರ ಅಂದವೂ ಆಯುಷ್ಯವೂ ನಿರ್ಧಾರವಾಗುತ್ತವೆ.

ಟ್ರಂಕಿನಿಂದ ತೆಗೆದ ಉಣ್ಣೆಯನ್ನು ನೇರವಾಗಿ ಬೀರುವಿಗೆ ಸೇರಿಸಬಾರದು. ಉಣ್ಣೆಯನ್ನು ತಿನ್ನುವುದು ರೆಕ್ಕೆ ಬಂದ ನುಸಿಯಲ್ಲ, ಮಡಿಕೆಗಳಲ್ಲಿ ಅಡಗಿರುವ ಅದರ ಮರಿಹುಳು. ಅದರ ಮೊಟ್ಟೆಗಳು ಕಣ್ಣಿಗೆ ಬೀಳುವುದು ಕಷ್ಟ. ಕೋಟನ್ನು ಬಿಸಿಲಿಗೆ ಹಾಕಿ, ಹೊಲಿಗೆಗಳ ಉದ್ದಕ್ಕೂ ಬ್ರಷ್ ಆಡಿಸಿದ ಮೇಲೆ, ಗಾಳಿ ಹೊರಡಿಸಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇರಿಸಿದೆ. ವಸ್ತುಸಂಗ್ರಹಾಲಯಗಳು ಅನುಸರಿಸುವ ಕ್ರಮವೂ ಇದೇ. ಹೊರತೆಗೆದ ಚೀಲವನ್ನು ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ದರ್ಜಿಗಳ ಬಳಿಗೆ ಹೋಗುವ ಮುನ್ನ ನೋಡಬೇಕಾದದ್ದು ಹೆಗಲು. ಎದೆ, ಸೊಂಟ, ತೋಳಿನ ಉದ್ದ ಎಲ್ಲವನ್ನೂ ಸರಿಪಡಿಸಬಹುದು. ಹೆಗಲನ್ನು ಕಿರಿದಾಗಿಸಲು ಹೊರಟರೆ ತೋಳನ್ನು ಕಳಚಿ, ಒಳಗಿನ ಕ್ಯಾನ್ವಾಸನ್ನೂ ಕತ್ತರಿಸಬೇಕಾಗುತ್ತದೆ, ಆಗ ಅದು ಹಳೆಯ ಕೋಟಾಗಿ ಉಳಿಯುವುದಿಲ್ಲ. ಕೆಳಗಿನ ಗುಂಡಿಯ ಬಳಿ ಬಟ್ಟೆಯ ಹೊರಪದರವನ್ನೂ ಒಳಪದರವನ್ನೂ ಬೆರಳುಗಳಿಂದ ಬೇರ್ಪಡಿಸಿ ಉಜ್ಜಿ ನೋಡಿದರೆ, ನಡುವೆ ಇನ್ನೊಂದು ಪದರ ತಾನಾಗಿ ಜಾರುವುದು ಕೈಗೆ ತಿಳಿಯುತ್ತದೆ. ಕುದುರೆಯ ಕೂದಲು ಸೇರಿಸಿ ನೇಯ್ದ, ಕೈಹೊಲಿಗೆಯಿಂದ ಹಿಡಿದಿಟ್ಟ ಕ್ಯಾನ್ವಾಸ್ ಅದು. ಇಂದಿನ ಅಗ್ಗದ ಕೋಟುಗಳಲ್ಲಿ ಆ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ. ಅಂಟು ಬಿಟ್ಟಲ್ಲಿ ಬಟ್ಟೆ ಗುಳ್ಳೆಯೇಳುತ್ತದೆ. ಬೆನ್ನಿನ ನಡುಹೊಲಿಗೆಯೊಳಗೆ ಹಿಂದಿನವರು ಒಂದಂಗುಲಕ್ಕೂ ಹೆಚ್ಚು ಬಟ್ಟೆ ಬಿಡುತ್ತಿದ್ದರು. ತಾತನವರಿಗಿಂತ ನನ್ನ ಎದೆ ಅಗಲವಾಗಿದ್ದರೂ ಆ ಕೋಟು ನನ್ನ ಮೈಗೆ ಸರಿಹೊಂದಿದ್ದು ಆ ದೂರದೃಷ್ಟಿಯಿಂದ.

ನುಸಿ ತಿಂದಿದ್ದ ತೂತುಗಳನ್ನು ರಫೂ ಮಾಡಿದ ಹಿರಿಯರ ಕೈಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅವರು ಹೊಸ ದಾರವನ್ನು ಮುಟ್ಟಲಿಲ್ಲ. ಕೋಟಿನ ಕೆಳಮಡಿಕೆಯೊಳಗೆ ಬಿಸಿಲನ್ನೇ ಕಾಣದೆ ಉಳಿದಿದ್ದ ಅಂಚಿನಿಂದ ಎಳೆಗಳನ್ನು ಬಿಡಿಸಿಕೊಂಡು, ತೂತಿನ ಮೇಲೆ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಹಾಸಿ, ಬಳಿಕ ಹೊಕ್ಕಿನ, ಅಂದರೆ ಅಡ್ಡದ, ಎಳೆಯನ್ನು ಎರಡರ ಮೇಲೆ, ಎರಡರ ಕೆಳಗೆ ಹಾಯಿಸುತ್ತ ಟ್ವಿಲ್ ನೇಯ್ಗೆಯ ಓರೆಗೆರೆ ಎಲ್ಲಿಯೂ ಮುರಿಯದಂತೆ ಕೂರಿಸಿದರು. ಕೊನೆಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಒತ್ತಿ ಎತ್ತಿದಾಗ, ತೂತು ಎಲ್ಲಿತ್ತೆಂದು ಬೆರಳಿನಿಂದ ಹುಡುಕಬೇಕಾಯಿತು. ಈ ವಿದ್ಯೆ ಬಲ್ಲವರು ನಿಮ್ಮ ಊರಿನಲ್ಲಿದ್ದರೆ ಅವರು ಕೇಳಿದಷ್ಟು ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ.

ಪ್ಯಾಂಟಿನ ಬಗ್ಗೆ ಒಂದೇ ಮಾತು: ಅದು ಹೊಕ್ಕುಳಿನ ಮಟ್ಟಕ್ಕೆ ಬರಬೇಕು. ಆ ಕಾಲದ ಕೋಟಿನ ಗುಂಡಿ ಸೊಂಟದಲ್ಲಿ ಕೂರುತ್ತದೆ. ಈಗಿನ ತಗ್ಗು ಪ್ಯಾಂಟಿನ ಮೇಲೆ ತೊಟ್ಟರೆ ಗುಂಡಿಯ ಕೆಳಗೆ ಅಂಗಿ ಇಣುಕುತ್ತದೆ.

ಇನ್ನು ಕೂದಲು. ಹೆಕ್ಕತ್ತನ್ನೂ ಕಿವಿಯ ಬದಿಗಳನ್ನೂ ಮೆಷಿನ್ನಿನಿಂದ ಬೋಳಿಸದೆ, ಬಾಚಣಿಗೆಯ ಮೇಲೆ ಕತ್ತರಿ ಆಡಿಸುತ್ತ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಉದ್ದ ಬಿಡುವಂತೆ ಕ್ಷೌರಿಕರನ್ನು ಕೇಳಿಕೊಳ್ಳುತ್ತೇನೆ. ಕೋಟು ತೊಟ್ಟೇ ಅಂಗಡಿಗೆ ಹೋಗಿ, ಕಾಲರು ಎಲ್ಲಿಯವರೆಗೆ ಬರುತ್ತದೆಂದು ಅವರಿಗೆ ತೋರಿಸುವುದು ನನ್ನ ರೂಢಿ. ಕೂದಲು ಕಾಲರಿಗೆ ತಾಗದೆ ನಿಂತರೆ ಅದರ ಜಿಡ್ಡು ಕೋಟಿಗೆ ಇಳಿಯುವುದಿಲ್ಲ. ಹಳೆಯ ಕೋಟುಗಳ ಕಾಲರಿನ ಒಳಮೈ ಕಪ್ಪಾಗಿರುವುದಕ್ಕೆ ಕಾರಣ ಈ ಜಿಡ್ಡು ಮತ್ತು ಬೆವರು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಮಕಾಸ್ಸರ್ ಎಣ್ಣೆ ಹಚ್ಚಿದ ತಲೆಗಳಿಂದ ಕುರ್ಚಿಗಳನ್ನು ಕಾಪಾಡಲು ಒರಗುಭಾಗಕ್ಕೆ ಬಟ್ಟೆ ಹೊದಿಸುತ್ತಿದ್ದರು. ಕೋಟಿಗೆ ಅಂಥ ಹೊದಿಕೆಯಿಲ್ಲ.

ಬೈತಲೆಯ ಜಾಗವನ್ನು ಸುಳಿಯೇ ಹೇಳುತ್ತದೆ. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿ, ಅಂಗೈಯಿಂದ ನೆತ್ತಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಕೂದಲು ತಾನಾಗಿ ಸೀಳುವ ಗೆರೆಯೊಂದು ಕಾಣಿಸುತ್ತದೆ. ಅದನ್ನು ಬಿಟ್ಟು ಬೇರೆಡೆ ಬೈತಲೆ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಕೂದಲು ಎದ್ದು ನಿಲ್ಲುತ್ತದೆ.

ಕೂದಲಿಗೆ ಹಚ್ಚುವುದಕ್ಕೆ, 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ನಮ್ಮ ಹಿರಿಯರಿಗೆ ಚಿರಪರಿಚಿತ. ಕ್ರಿಕೆಟಿಗ ಫಾರೂಕ್ ಎಂಜಿನಿಯರ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ನನ್ನ ದಪ್ಪ ಕೂದಲಿಗೆ ಅದರ ಹಿಡಿತ ಸಾಲದು, ಆದ್ದರಿಂದ ಕೂದಲನ್ನು ಕೂರಿಸುವ ಮೇಣದಂಥ ಪೊಮೇಡನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತೇನೆ: ತೂಕದಲ್ಲಿ ಎರಡು ಪಾಲು ವ್ಯಾಸಲಿನ್, ಒಂದು ಪಾಲು ಜೇನುಮೇಣ, ಒಂದು ಪಾಲು ಹರಳೆಣ್ಣೆ. ಮೂರನ್ನೂ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು, ಉರಿಯ ಮೇಲೆ ನೇರವಾಗಿ ಇಡಕೂಡದು. ಬರಿಯ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು 24 ಡಿಗ್ರಿಗೇ ಕರಗುವುದರಿಂದ ನಮ್ಮ ಬೇಸಿಗೆಯಲ್ಲಿ ಹಣೆಗೆ ಇಳಿಯುತ್ತದೆ; ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಹಿಡಿತ ಬರುವುದು ಅದರಿಂದ. ಕಡಲೆಕಾಳಿನಷ್ಟನ್ನು ಅಂಗೈಯಲ್ಲಿ ಮೆತ್ತಗಾಗುವವರೆಗೆ ಉಜ್ಜಿ, ಸ್ವಲ್ಪ ತೇವವಿರುವ ಕೂದಲಿನ ಬುಡದಿಂದ ಹಚ್ಚಿ, ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚುತ್ತೇನೆ. ಹೆಕ್ಕತ್ತಿಗೆ ಹಚ್ಚುವುದೇ ಇಲ್ಲ.

ಈ ಮೇಣ ಬರಿಯ ಶಾಂಪೂವಿಗೆ ಬಗ್ಗುವುದಿಲ್ಲ. ಒಣ ಕೂದಲಿಗೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಮೇಣ ಅದರಲ್ಲಿ ಸಡಿಲಗೊಂಡ ಮೇಲೆ ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತದೆ. ಕಾಲರಿಗೆ ಜಿಡ್ಡು ತಾಗಿದ ದಿನ ಅದರ ಮೇಲೆ ಮೆಕ್ಕೆಜೋಳದ ಪಿಷ್ಟವಾದ ಕಾರ್ನ್‌ಫ್ಲೋರ್ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ರಷ್ಷಿನಿಂದ ಕೊಡವುತ್ತೇನೆ. ಡ್ರೈಕ್ಲೀನಿಂಗಿಗೆ ಕೊಡುವುದು ಚಳಿಗಾಲ ಮುಗಿದು ಕೋಟನ್ನು ಎತ್ತಿಡುವ ಮುನ್ನ ಒಮ್ಮೆ ಮಾತ್ರ.