ಕಿಟ್ಟೆಲ್ ಹುಟ್ಟಿದ ಊರಿನ ತಲೆಯೆಣಿಕೆ ತೆಗೆಯುವ ಬಗೆ

ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಹುಟ್ಟಿದ್ದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಈ ಸೀಮೆಗೆ ಬರುವ ಕನ್ನಡಿಗರು ಅದನ್ನು ತಿಳಿದೇ ಬಂದಿರುತ್ತಾರೆ. ನನ್ನನ್ನು ಕೇಳುವುದು ಅಲ್ಲಿ ಈಗ ಎಷ್ಟು ಜನರಿದ್ದಾರೆ ಎಂದು. ಯಾವ ಗಡಿಯೊಳಗೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಕೆಲವರಿಗೆ ಕೊಂಕು ಎನಿಸುತ್ತದೆ, ಎನಿಸಲಿ.

ರೆಸ್ಟರ್‌ಹಾಫೆ ಈಗ ಸ್ವತಂತ್ರ ಊರಲ್ಲ. ಅದು ಲೋವರ್ ಸ್ಯಾಕ್ಸನಿ ರಾಜ್ಯದ ಆವ್ರಿಚ್ ಜಿಲ್ಲೆಯಲ್ಲಿ ಡೋರ್ನುಮ್ ಎಂಬ ಗೆಮೈಂಡೆಗೆ ಸೇರಿದೆ. ಗೆಮೈಂಡೆ ಎಂದರೆ ಹೆಚ್ಚು ಕಡಿಮೆ ನಮ್ಮ ಗ್ರಾಮ ಪಂಚಾಯಿತಿ: ಹಲವು ಹಳ್ಳಿಗಳು, ಒಂದು ಆಡಳಿತ. ಸರ್ಕಾರಿ ಅಂಕಿಅಂಶ ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಡೋರ್ನುಮ್‌ನ ಸುಮಾರು ನಾಲ್ಕೂವರೆ ಸಾವಿರದಲ್ಲಿ ಬಾಲ್ಟ್ರುಮ್ ದ್ವೀಪಕ್ಕೆ ದೋಣಿ ಹೊರಡುವ ನೆಸ್‌ಮರ್‌ಸೀಲ್‌ನವರೂ ಸೇರಿದ್ದಾರೆ. ಆ ಸಂಖ್ಯೆಯನ್ನು ಕಿಟ್ಟೆಲರ ಹಳ್ಳಿಯ ಹೆಸರಿಗೆ ಬರೆದುಕೊಂಡರೆ ಲೆಕ್ಕ ಅಲ್ಲಿಯೇ ಕೆಟ್ಟಿತು.

ಆದ್ದರಿಂದ ಮೊದಲು ಗೆಮೈಂಡೆಯ ಎಂಟು ಅಂಕಿಯ ಸಂಕೇತ ಹುಡುಕಿ. ಆವ್ರಿಚ್ ಜಿಲ್ಲೆಯವು 03452ರಿಂದ ಶುರುವಾಗುತ್ತವೆ, 03 ರಾಜ್ಯದ್ದು. ಜರ್ಮನಿಯಲ್ಲಿ ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ, ಸಂಕೇತ ಮಾತ್ರ ಒಂದೇ. ಅದನ್ನು ಹಿಡಿದು ರಾಜ್ಯದ ಅಂಕಿಅಂಶ ಕಚೇರಿಯ ಪಟ್ಟಿಯಲ್ಲಿ ಡಿಸೆಂಬರ್ 31ರ ಸಂಖ್ಯೆ ನೋಡಿ. ಅಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯ ವಾಸಸ್ಥಳವನ್ನು ನೋಂದಾಯಿಸಿದವರು ಮಾತ್ರ. ಕರಾವಳಿಯಲ್ಲಿ ರಜೆಯ ಮನೆ ಇಟ್ಟುಕೊಂಡವರಲ್ಲ. 2011 ಮತ್ತು 2022ರ ಜನಗಣತಿಗಳ ಬಳಿ ಸಂಖ್ಯೆ ಹಠಾತ್ತಾಗಿ ಇಳಿದಿದ್ದರೆ ಜನ ಊರು ಬಿಟ್ಟರೆಂದು ಕಥೆ ಕಟ್ಟಬೇಡಿ. ಎರಡು ಬಾರಿಯೂ ದೇಶದ ಜನಸಂಖ್ಯೆ ಅಂದಾಜಿಗಿಂತ ಕಡಿಮೆ ಬಂತು, ಅದೂ ಹತ್ತು ಲಕ್ಷಕ್ಕೂ ಮಿಕ್ಕಿ. ಇಳಿದದ್ದು ಕಡತದ ಸಂಖ್ಯೆ.

ಹಿಂದಕ್ಕೆ ಹೋಗುವಾಗ ಆಗ ಆಳುತ್ತಿದ್ದವರು ಯಾರೆಂದು ಮೊದಲು ಗೊತ್ತಿರಬೇಕು. ಈ ಹಳ್ಳಿಯಿರುವ ಕರಾವಳಿ ಸೀಮೆ, ಪೂರ್ವ ಫ್ರೀಸಿಯಾ, 1744ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯಕ್ಕೆ ಹೋಯಿತು, ನೆಪೋಲಿಯನ್ ಕಾಲದಲ್ಲಿ ಹಾಲೆಂಡಿಗೆ, ಆಮೇಲೆ ಫ್ರಾನ್ಸಿಗೆ, 1815ರಲ್ಲಿ ಹ್ಯಾನೋವರ್‌ಗೆ, 1866ರಲ್ಲಿ ಮತ್ತೆ ಪ್ರಷ್ಯಾಕ್ಕೆ. ಕಿಟ್ಟೆಲ್ ಹುಟ್ಟಿದಾಗ ಹ್ಯಾನೋವರ್‌ನ ದೊರೆ ನಾಲ್ಕನೆಯ ವಿಲಿಯಂ. ಬ್ರಿಟನ್ನಿನ ಸಿಂಹಾಸನದಲ್ಲಿದ್ದವನೂ ಅವನೇ! ಜಿಲ್ಲೆಯೂ ಬದಲಾಗಿದೆ. 1977ರವರೆಗೆ ಈ ಭಾಗ ನಾರ್ಡೆನ್ ಜಿಲ್ಲೆಯಲ್ಲಿತ್ತು. ಹಳೆಯ ಪಟ್ಟಿಗಳಲ್ಲಿ ಆವ್ರಿಚ್ ಕೆಳಗೆ ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲುವವರು ನಾರ್ಡೆನ್ ಪುಟ ತೆರೆದಿರುವುದೇ ಇಲ್ಲ.

ಪ್ರಷ್ಯಾದಲ್ಲಿ ಸರ್ಕಾರಿ ಜನನ ಮರಣ ನೋಂದಣಿ 1874ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದಕ್ಕಿಂತ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಮುಖ್ಯ ಆಧಾರ: ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ. ಪ್ರೊಟೆಸ್ಟೆಂಟ್ ಪುಸ್ತಕಗಳಲ್ಲಿ ಬಹಳಷ್ಟನ್ನು ಆರ್ಕಿಯೋನ್ ಎಂಬ ತಾಣದಲ್ಲಿ ಹಣ ಕೊಟ್ಟು ನೋಡಬಹುದು. ಮನೆತನದ ಹೆಸರು ಹಿಡಿದು ಹೊರಟರೆ ಇಲ್ಲಿ ದಾರಿ ತಪ್ಪುತ್ತದೆ. ತಂದೆಯ ಹೆಸರನ್ನೇ ಮುಂದೆ ಹಚ್ಚಿಕೊಳ್ಳುವ ರೂಢಿಯಿತ್ತು. ಸ್ಥಿರವಾದ ಮನೆತನದ ಹೆಸರು ಇರಬೇಕೆಂದು 1811ರಲ್ಲಿ ನೆಪೋಲಿಯನ್ನನ ಆಜ್ಞೆ ಬಂದ ಮೇಲೂ ಜನ ಬೇಗ ಬಗ್ಗಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ತಂದೆಯ ಹೆಸರನ್ನು ಬೆನ್ನಟ್ಟಿ.

ಚರ್ಚಿನ ಪುಸ್ತಕದಲ್ಲಿ ಇಲ್ಲದವರೂ ಊರಿನವರೇ. ಡೋರ್ನುಮ್‌ನಲ್ಲಿ ಯಹೂದಿ ಸಮುದಾಯವಿತ್ತು. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಮೇಲೆ ನಡೆಸಿದ ದಾಳಿಗೆ ತುಸು ಮುಂಚೆ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಮಾರಾಟವಾಗಿತ್ತು, ಅದರಿಂದಲೇ ಕಟ್ಟಡ ಉಳಿಯಿತು, ಈಗ ಸ್ಮಾರಕ. ಅವರ ದಾಖಲೆಗಳನ್ನು ಪ್ರತ್ಯೇಕವಾಗಿಯೇ ಹುಡುಕಬೇಕು. ಇನ್ನು 1939 ಮತ್ತು 1950ರ ಗಣತಿಗಳ ನಡುವೆ ಉತ್ತರ ಜರ್ಮನಿಯ ಹಳ್ಳಿಗಳ ಸಂಖ್ಯೆ ಜಿಗಿದಿರುವುದು ಕಂಡರೆ, ಅದು ಹೆರಿಗೆಯ ಲೆಕ್ಕವಲ್ಲ, ಎರಡನೇ ಮಹಾಯುದ್ಧದ ಹೊತ್ತಿಗೆ ಪೂರ್ವದಿಂದ ಓಡಿಸಲ್ಪಟ್ಟ ನಿರಾಶ್ರಿತರ ಲೆಕ್ಕ. ಸಂಖ್ಯೆ ಕುಸಿದ ಇನ್ನೂ ಹಿಂದಿನ ಗುಂಡಿಯೊಂದಿದೆ: 1717ರ ಕ್ರಿಸ್ಮಸ್ ರಾತ್ರಿಯ ಕಡಲ ನೆರೆ ಈ ಕರಾವಳಿಯಲ್ಲಿ ಸಾವಿರಾರು ಜನರನ್ನು ಕೊಂದಿತು.

ಕಾಗದಗಳು ಬಹುಪಾಲು ಆವ್ರಿಚ್‌ನ ರಾಜ್ಯ ದಾಖಲಾಗಾರದಲ್ಲಿವೆ. ಅಲ್ಲಿಗೆ ಪತ್ರ ಬರೆಯುವಾಗ ಹಳ್ಳಿ, ವರ್ಷ, ಆ ವರ್ಷದ ಜಿಲ್ಲೆ ಮೂರನ್ನೂ ಹೇಳಿ ಜರ್ಮನ್ ಭಾಷೆಯಲ್ಲಿ ಎರಡೇ ವಾಕ್ಯದಲ್ಲಿ ಕೇಳಿ. ಆದರೆ ಅದಕ್ಕೂ ಮೊದಲು ಅದೇ ಪಟ್ಟಣದ ಓಸ್ಟ್‌ಫ್ರೀಸಿಶೆ ಲಾಂಡ್‌ಶಾಫ್ಟ್ ಸಂಸ್ಥೆ ಊರೂರ ಚರಿತ್ರೆಕಾರರಿಂದ ಬರೆಸಿ ಜಾಲದಲ್ಲಿಟ್ಟಿರುವ ಗ್ರಾಮ ಇತಿಹಾಸಗಳನ್ನು ಓದಿಕೊಳ್ಳಿ. ಅರ್ಧ ಪತ್ರ ಉಳಿಯುತ್ತದೆ.