ಥಿನ್ನರ್ ಡಬ್ಬಿ ಎತ್ತಿಟ್ಟ ಮೇಲೆ ಗನ್ ಉಳಿಯಿತು: ಗಣಪನ ಕೆಲಸದ ಏರ್‌ಬ್ರಷ್ ತೊಳೆಯುವ ನನ್ನ ರೀತಿ

ಮಣ್ಣಿನ ಗಣಪನಿಗೆ ಬಣ್ಣ ಹೊಡೆಯುವ ಶೆಡ್ಡುಗಳಲ್ಲಿ ರಾತ್ರಿ ಕೆಲಸ ಮುಗಿದ ಮೇಲೆ ಮಾಡುವುದು ಸಾಮಾನ್ಯವಾಗಿ ಒಂದೇ. ಡಬ್ಬಿಗೆ ಪೇಂಟ್ ಕರಗಿಸುವ ಎನ್‌ಸಿ ಥಿನ್ನರ್ ಸುರಿದು ಗನ್ನನ್ನು, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷನ್ನು, ಇಡಿಯಾಗಿ ಮುಳುಗಿಸಿಡುವುದು. ಥಿನ್ನರ್ ಬಿಡುತ್ತೇನೆ ಎಂದಾಗ ‘ಎರಡು ದಿನಕ್ಕೆ ಜಾಮ್ ಆಗುತ್ತೆ ನೋಡು’ ಅಂದವರೇ ಹೆಚ್ಚು. ಈಗ ಅದೇ ಗನ್ ನಾಲ್ಕನೇ ಸೀಸನ್ ಮುಗಿಸಿದೆ. ಬಣ್ಣ ಹೊರಬರುವ ತುದಿಯ ನಾಝಲ್‌ಗಳಲ್ಲಿ 0.5 ಎಂಎಂ ತೂತಿನದು ಒಂದು ಸಲ ಬದಲಾಗಿದೆ, 0.3ರದ್ದು ಗನ್ ಜೊತೆ ಬಂದದ್ದೇ. ಅಂದವರು ಈ ವರ್ಷವೂ ಹೊಸ ಗನ್ ತಂದಿದ್ದಾರೆ.

ಮೇಲೆ ಬಣ್ಣದ ಕಪ್ ಇರುವ ಡಬಲ್ ಆಕ್ಷನ್ (ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ) ಗನ್ ಇದು, ಸಾವಿರ-ಸಾವಿರದ ಇನ್ನೂರಕ್ಕೆ ಸಿಗುವ ಮಾಲು. ಹೊಡೆಯುವುದೆಲ್ಲ ನೀರಿನ ಬಣ್ಣ: ಪೋಸ್ಟರ್ ಕಲರ್, ಸ್ಟೇನರ್ (ಬಣ್ಣದ ದ್ರವ) ಹಾಕಿದ ಎಮಲ್ಷನ್, ಮಿಂಚುವ ಪರ್ಲ್ ಪುಡಿ, ಅಂಟಿಗೆ ಬಿಳಿ ಗಮ್ಮು. ಬೈಕಿನ ಟ್ಯಾಂಕು, ಹೆಲ್ಮೆಟ್ಟಿಗೆ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯುವವರಿಗೆ ಥಿನ್ನರ್ ಇಲ್ಲದೆ ನಡೆಯದು. ಆದರೆ ಅವರೂ ಗನ್ನಿನೊಳಗೆ ಹಾಯಿಸಿ ತೆಗೆದರೆ ಸಾಕು, ನೆನೆಹಾಕುವ ಅಗತ್ಯವಿಲ್ಲ.

ನೆನೆಹಾಕಿದರೆ ಕೆಡುವುದು ಲೋಹವಲ್ಲ, ರಬ್ಬರ್. ಕಪ್ಪಿನ ಹಿಂದೆ ಸೂಜಿ ಹಾದುಹೋಗುವ ಜಾಗದಲ್ಲಿ ಒಂದು ಪುಟ್ಟ ವಾಶರ್ ಇದೆಯಲ್ಲ, ದುಬಾರಿ ಗನ್ನಿನಲ್ಲಿ ಅದು ಟೆಫ್ಲಾನ್, ನಮ್ಮ ಗನ್ನಿನಲ್ಲಿ ಬಹುಪಾಲು ರಬ್ಬರ್. ಥಿನ್ನರ್ ಕುಡಿದು ಊದಿಕೊಂಡರೆ ಸೂಜಿಯನ್ನು ಕಚ್ಚಿ ಹಿಡಿಯುತ್ತದೆ. ಟ್ರಿಗರ್ ಬಿಟ್ಟರೂ ಸೂಜಿ ಮುಂದೆ ಬಂದು ನಾಝಲ್ ಮುಚ್ಚುವುದಿಲ್ಲ, ಗಣಪನ ಕೆನ್ನೆಯ ಮೇಲೆ ಬಣ್ಣ ಸುರಿಯುತ್ತಲೇ ಇರುತ್ತದೆ. ಎರಡು ದಿನ ಒಣಗಿದ ಮೇಲೆ ಅದೇ ವಾಶರ್ ಕುಗ್ಗಿ ಗಟ್ಟಿಯಾಗುತ್ತದೆ. ಆಗ ಬಣ್ಣ ಹಿಂದಕ್ಕೆ ಜಾರಿ ಟ್ರಿಗರ್ ಬುಡದಲ್ಲಿ, ಸ್ಪ್ರಿಂಗಿನಲ್ಲಿ ಕೂರುತ್ತದೆ. ಕೆಳಗಿನ ಏರ್ ವಾಲ್ವಿನ ಓ-ರಿಂಗಿಗೂ (ರಬ್ಬರ್ ಬಳೆ) ಇದೇ ಗತಿ, ಟ್ರಿಗರ್ ಒತ್ತದಿದ್ದರೂ ಗಾಳಿ ಸುಯ್ಯೆನ್ನುತ್ತದೆ. ಒಂದೇ ಸೀಸನ್ನಿನಲ್ಲಿ ಹೀಗೆ ಮೂರು ಗನ್ ಹೋದವು. ಸುಮಾರು ಮೂರೂವರೆ ಸಾವಿರ, ಥಿನ್ನರ್ ದುಡ್ಡು ಬೇರೆ. ನಾಲ್ಕನೆಯದಕ್ಕೆ ಟೆಫ್ಲಾನ್ ವಾಶರ್ ಹಾಕಿದೆ, ನಲವತ್ತೋ ಐವತ್ತೋ ರೂಪಾಯಿ. ವಾಶರನ್ನು ಕೂಡಾ ಅತಿಯಾಗಿ ಬಿಗಿಯಬಾರದು. ಸೂಜಿ ತೂರಿಸಿದಾಗ ಸಣ್ಣ ಹಿಡಿತ ಸಿಗುವಷ್ಟು ಬಿಗಿದು ನಿಲ್ಲಿಸಬೇಕು.

ಈಗ ತೊಳೆಯುವುದು. ಇಡೀ ಗುಟ್ಟು ಬಣ್ಣ ಹಸಿಯಿರುವಾಗಲೇ ತೊಳೆಯುವುದರಲ್ಲಿದೆ. ಪೋಸ್ಟರ್ ಕಲರ್ ಒಣಗಿದರೂ ನೀರಿಗೆ ಕರಗುತ್ತದೆ. ಗಮ್ಮು ಮತ್ತು ಎಮಲ್ಷನ್ ಒಮ್ಮೆ ಒಣಗಿದರೆ ತೆಳು ಪ್ಲಾಸ್ಟಿಕ್ಕಾಗಿ ನಾಝಲ್ ಗೋಡೆಗೆ ಅಂಟುತ್ತವೆ, ನೀರಿಗೆ ಜಗ್ಗುವುದಿಲ್ಲ.

ಬಣ್ಣ ಬದಲಿಸುವಾಗ ಉಳಿದದ್ದನ್ನು ಬಾಟಲಿಗೆ ಸುರಿದು, 5 ಎಂಎಲ್ ಸಿರಿಂಜಿನಲ್ಲಿ ಕಪ್ಪಿಗೆ ನೀರು ಬಿಟ್ಟು, ಹಳೇ ಬ್ರಷ್ಷಿನಲ್ಲಿ ಕಪ್ಪಿನ ಬುಡ ತಿಕ್ಕಿ ಆ ನೀರನ್ನು ಚೆಲ್ಲಬೇಕು. ಚೆಲ್ಲಬೇಕು, ಹೊಡೆಯಬಾರದು, ಬುಡದ ಗಸಿ ನಾಝಲ್ಲಿಗೆ ಹೋಗುವುದು ಇಲ್ಲೇ. ಎರಡನೇ ನೀರು ಹಾಕಿ ಟ್ರಿಗರ್ ಪೂರ್ತಿ ಎಳೆದು ಬಾಟಲಿಯೊಳಗೆ ಹೊಡೆಯಿರಿ. ಮೂರನೇ ನೀರಿಗೆ ಮುಂದಿನ ಕ್ಯಾಪನ್ನು ಬಟ್ಟೆಯಿಂದ ಮೆಲ್ಲಗೆ ಮುಚ್ಚಿ ಒಂದೆರಡು ಸೆಕೆಂಡು ಗುಳ್ಳೆ ಎಬ್ಬಿಸಬೇಕು, ಗಾಳಿಯ ಒತ್ತಡ 15 ಪಿಎಸ್‌ಐಗಿಂತ ಮೇಲೆ ಬೇಡ. ಕಪ್ಪಿನಲ್ಲಿ ಬಣ್ಣ ಇರುವಾಗಲೇ ಗುಳ್ಳೆ ಎಬ್ಬಿಸುವವರಿದ್ದಾರೆ, ಅದು ಬಣ್ಣವನ್ನು ನೇರವಾಗಿ ವಾಶರ್ ಕಡೆಗೆ ನೂಕುತ್ತದೆ. ಕೊನೆಗೆ ಹಿಂದಿನ ನಟ್ ಸಡಿಲಿಸಿ ಸೂಜಿಯನ್ನು ಒಂದಿಂಚು ಹಿಂದಕ್ಕೆಳೆದು ಒಂದು ಕಪ್ ನೀರು ಹೊಡೆದರೆ ಒಳಗೆ ಅವಿತಿದ್ದದ್ದು ಹೊರಗೆ ಬರುತ್ತದೆ. ಸೂಜಿ ಒರೆಸುವಾಗ ತಿರುಗಿಸುತ್ತ ಬುಡದಿಂದ ತುದಿಗೆ ಎಳೆಯಬೇಕು, ತಿರುಗಾ ಮುರುಗಾ ಒರೆಸಿದರೆ ತುದಿ ಕೊಕ್ಕೆಯಾಗುತ್ತದೆ. ಎಲ್ಲ ಸೇರಿ ಒಂದೂವರೆ ನಿಮಿಷ. ಹಳದಿಯಿಂದ ಕೇಸರಿ, ಕೆಂಪು, ಕಂದು ಎಂದು ತೆಳುವಿನಿಂದ ಗಾಢಕ್ಕೆ ಹೋದರೆ ನಡುವೆ ಎರಡೇ ನೀರು ಸಾಕು. ಪರ್ಲ್ ಹೊಡೆದ ಗನ್ನಿನಲ್ಲಿ ಮಾತ್ರ ಅದೇ ದಿನ ಕಣ್ಣು ಬರೆಯಲು ಹೋಗಬೇಡಿ. ಎಷ್ಟು ತೊಳೆದರೂ ಎಲ್ಲೋ ಒಂದು ಮಿಂಚು ಉಳಿದು ಕಣ್ಣುಗುಡ್ಡೆಯ ಮೇಲೇ ಬಂದು ಕೂರುತ್ತದೆ. ಪರ್ಲ್‌ಗೆ 0.5 ಬೇರೆಯೇ ಇಟ್ಟಿದ್ದೇನೆ.

ರಾತ್ರಿ ಮಾತ್ರ ಪೂರ್ತಿ ಬಿಚ್ಚುತ್ತೇನೆ. ಸೂಜಿಯನ್ನು ಹಿಂದೆ ಸರಿಸದೆ ನಾಝಲ್ ಬಿಚ್ಚಬಾರದು ಎಂದು ಗನ್ ಹಿಡಿದವರಿಗೆ ಹೇಳಬೇಕಿಲ್ಲ, ಆದರೂ ನಿದ್ದೆಗಣ್ಣಲ್ಲಿ ಸೂಜಿ ಬಾಗಿಸುವುದು ನಾವೇ. ನಾಝಲ್ಲನ್ನು ಬಿಸಿನೀರು ಮತ್ತು ಒಂದು ಹನಿ ಪಾತ್ರೆ ಸೋಪಿನಲ್ಲಿ ಹತ್ತು ನಿಮಿಷ ಬಿಡುತ್ತೇನೆ. ಗಮ್ಮಿನ ಪದರ ಮೆತ್ತಗಾಗುತ್ತದೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲುಸಂದಿಯ ಬ್ರಷ್ಷನ್ನು ಹಿಂದಿನ ಅಗಲದ ಬಾಯಿಯಿಂದ ತೂರಿಸಿ ತಿರುಗಿಸಿದರೆ ಸುತ್ತಿಕೊಂಡು ಬರುತ್ತದೆ. ಬರದಿದ್ದರೆ ನಾಝಲ್ಲನ್ನಷ್ಟೇ ಬಾಟಲಿ ಮುಚ್ಚಳದಲ್ಲಿ ಐದು ನಿಮಿಷ ಥಿನ್ನರಿಗೆ ಹಾಕುತ್ತೇನೆ. ಅದರಲ್ಲಿ ರಬ್ಬರ್ ಇಲ್ಲ, ಅಷ್ಟಕ್ಕೆ ಅಪಾಯವಿಲ್ಲ. ಗುಂಡುಪಿನ್ನು ಹಾಕಿದರೆ ನಾಝಲ್ ಬಾಯಿ ಅಗಲವಾಯಿತೆಂದೇ ಲೆಕ್ಕ. ತಿರುಗಿ ಹಾಕುವಾಗ ಬೆರಳಲ್ಲಿ ನಿಲ್ಲುವವರೆಗೆ ತಿರುಗಿಸಿ, ಆಮೇಲೆ ಪಾನಾದಲ್ಲಿ ಎಳ್ಳಷ್ಟು. ನಾಝಲ್ಲಿನ ತಿರುಪಿನ ಮರೆ ಕೂದಲಿನಷ್ಟು ತೆಳು, ತುಂಡಾದರೆ ಅದರರ್ಧ ಭಾಗ ಗನ್ನಿನೊಳಗೇ ಕೂರುತ್ತದೆ. ಹೀಗೆ ಒಂದು ಗನ್ ಬಾಡಿ ಕಳೆದದ್ದೂ ಇದೆ. ಮರೆಗೆ ಜೇನುಮೇಣ ಸವರಿದರೆ ಕಡಿಮೆ ಬಿಗಿದರೂ ಗಾಳಿ ನುಸುಳುವುದಿಲ್ಲ. ಸೂಜಿಯನ್ನು ಕೊನೆಗೆ ಹಿಂದಿನಿಂದ ಹಾಕಿ, ನಾಝಲ್ಲಿಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಅದುಮಿದರೆ ನಾಝಲ್ ತುದಿ ಸೀಳುತ್ತದೆ, ಸೂಜಿ-ನಾಝಲ್ ಜೋಡಿಗೆ ಇನ್ನೂರು ರೂಪಾಯಿ.

ಕಪ್ಪಿನಲ್ಲಿ ತಾನಾಗಿ ಗುಳ್ಳೆ ಬಂದರೆ ನಾಝಲ್ ಸರಿಯಾಗಿ ಕೂತಿಲ್ಲ ಅಥವಾ ಸೀಳಿದೆ. ಸ್ಪ್ರೇ ಒಂದೇ ಕಡೆ ವಾಲಿದರೆ ಸೂಜಿಯ ತುದಿ ಕೊಕ್ಕೆಯಾಗಿದೆ. ಉಗುರಿನ ಮೇಲೆ ಎಳೆದರೆ ಗೊತ್ತಾಗುತ್ತದೆ, 2000 ನಂಬರ್ ನೀರು ಕಾಗದದ (ನೀರು ಹಾಕಿ ಉಜ್ಜುವ ಮರಳು ಕಾಗದ) ಮೇಲೆ ಮಲಗಿಸಿ ತಿರುಗಿಸುತ್ತ ಎಳೆದು, ಹಿತ್ತಾಳೆ ಪಾಲಿಶ್ ಹಾಕಿದರೆ ಅರ್ಧದಷ್ಟು ಸೂಜಿಗಳು ಉಳಿಯುತ್ತವೆ. ಟ್ರಿಗರ್ ನಿಧಾನವಾಗಿ ಮರಳಿದರೆ ಬಣ್ಣ ಹಿಂದೆ ಹೋಗಿದೆ. ಎಲ್ಲ ಸರಿಯಿದ್ದೂ ಮಧ್ಯೆ ಮಧ್ಯೆ ಹನಿ ಸಿಡಿದರೆ ಗನ್ನನ್ನು ಬೈಯಬೇಡಿ, ಅದು ನೀರು. ಗಣಪನ ಸೀಸನ್ನೇ ಮಳೆಗಾಲ. ಕಂಪ್ರೆಸರ್ ಬುಡದಲ್ಲಿ ಗಾಳಿ ಇನ್ನೂ ಬಿಸಿಯಿರುತ್ತದೆ, ತಣ್ಣಗಾಗಿ ನೀರಾಗುವುದು ಪೈಪಿನಲ್ಲಿ. ಹಾಗಾಗಿ ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪನ್ನು ಮೂರು-ನಾಲ್ಕು ಮೀಟರ್ ಪೈಪಿನ ಆಚೆ, ಗನ್ನಿನ ಹತ್ತಿರ ಹಾಕಿದೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಎರಡು ಗಂಟೆಗೊಮ್ಮೆ ಹೊರಗೆ ಬಿಡುತ್ತೇನೆ.

ಎಣ್ಣೆಯ ಪ್ರಯೋಗಗಳು ಒಂದೂ ಕೈಹಿಡಿಯಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಶ್ರಾವಣದ ಬೆಳಗ್ಗೆ ಟ್ರಿಗರ್ ಅಲುಗಲೇ ಇಲ್ಲ. ಹೊಲಿಗೆ ಯಂತ್ರದ ಎಣ್ಣೆ ಸೂಜಿಯ ಮೇಲೆ ಹರಿದು ಬಣ್ಣಕ್ಕೆ ಸೇರಿ ಮೂರ್ತಿಯ ಮೇಲೆ ಮೀನುಕಣ್ಣಿನಂಥ ಗುಂಡಿಗಳಾದವು. ಸಿಲಿಕಾನ್ ಸ್ಪ್ರೇ ಇನ್ನೂ ಕೆಟ್ಟದು. ಈಗ ಗ್ಲಿಸರಿನ್, ಸೂಜಿಯ ಹಿಂಭಾಗಕ್ಕೆ ಮಾತ್ರ, ಬೆರಳ ತುದಿಗೆ ಹತ್ತಿದಷ್ಟು. ಅದು ನೀರಿಗೆ ತೊಳೆದುಹೋಗುತ್ತದೆ. ತುದಿ ಒಣಗದಿರಲು ಬಣ್ಣಕ್ಕೂ ಗ್ಲಿಸರಿನ್ ಹಾಕುತ್ತೇನೆ. ಎಷ್ಟು ಹನಿ, ಜೊತೆಗೆ ಇನ್ನೇನು ಎಂಬುದು ನನ್ನ ಶೆಡ್ಡಿನಲ್ಲೇ ಇರಲಿ. ಜಾಸ್ತಿಯಾದರೆ ಮೂರ್ತಿ ಒಣಗದೆ ಕೈಗೆ ಅಂಟುತ್ತದೆ ಎಂಬ ಎಚ್ಚರಿಕೆ ಮಾತ್ರ ಕೊಡಬಲ್ಲೆ.

ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಮಷೀನಿಗೆ ಎರಡು ಸಾವಿರದ ಹತ್ತಿರ ಸುರಿದದ್ದೂ ಆಯಿತು. ಸೋಪು ನೀರಿನಲ್ಲಿ ನಾಝಲ್ಲಿಗೆ ಚೆನ್ನ, ಮೂರು ನಿಮಿಷ ಸಾಕು. ಇಡೀ ಬಾಡಿ ಹಾಕಿದರೆ ಅಗ್ಗದ ಗನ್ನಿನ ಕ್ರೋಮ್ ಪದರ ಪದರವಾಗಿ ಏಳುತ್ತದೆ. ಆ ಮಷೀನಿಗೆ ಥಿನ್ನರ್ ಸುರಿಯುವವರಿಗೆ ಮಾತ್ರ ಕೈಮುಗಿಯುತ್ತೇನೆ, ಬೆಂಕಿ ಹಿಡಿಯಲು ಒಂದು ಕಿಡಿ ಸಾಕು.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೊನೆಯ ಕಪ್ಪಿಗೆ ಫಿಲ್ಟರ್ ನೀರೋ ಮಳೆನೀರೋ ಬಳಸಿ. ಇಲ್ಲದಿದ್ದರೆ ಏರ್ ಕ್ಯಾಪಿನ ತೂತಿನ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ. ಸೀಸನ್ ಮುಗಿದ ಮೇಲೆ ಎಲ್ಲ ಬಿಚ್ಚಿ ಒಣಗಿಸಿ, ಸೂಜಿಯನ್ನು ಅರ್ಧ ಇಂಚು ಹಿಂದೆ ಸರಿಸಿ, ನಟ್ ಸಡಿಲವಾಗಿಟ್ಟು ಡಬ್ಬಿಗೆ ಹಾಕುತ್ತೇನೆ. ಬಿಗಿದಿಟ್ಟರೆ ಹತ್ತು ತಿಂಗಳ ನಂತರ ಸೂಜಿಯೂ ನಾಝಲ್ಲೂ ಒಂದಾಗಿರುತ್ತವೆ. ಡಬ್ಬಿಯ ಮುಚ್ಚಳಕ್ಕೆ ಒಂದು ಜೊತೆ ಹೊಸ ಓ-ರಿಂಗ್ ಟೇಪ್ ಹಚ್ಚಿ ಅಂಟಿಸಿದ್ದೇನೆ, ಚೌತಿಯ ಹಿಂದಿನ ವಾರ ಅವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.